ಓವರ್‌ಟೇಕ್ ಮಾಡುವಾಗ ಗೊತ್ತಾಗುತ್ತೆ

ಅಕ್ಕ, ಭಾವನ ಕಾರಿಗೆ ನಾನು ಏನೂ ಮಾಡಿರಲಿಲ್ಲ. ರೀಮ್ಯಾಪ್ ಮಾಡಿದ್ದೇನೆ ಎಂದು ಹೇಳಿದ್ದು ಸುಳ್ಳು. ಎಂಜಿನ್ನಿನ ಕಂಪ್ಯೂಟರಿನಲ್ಲಿ ಒಂದು ಅಂಕಿಯನ್ನೂ ಬದಲಾಯಿಸಿರಲಿಲ್ಲ. ಭದ್ರಾವತಿಯಿಂದ ಹೇಗೆ ಬಂದಿತ್ತೋ ಹಾಗೆಯೇ ವಾಪಸ್ ಕಳಿಸಿದ್ದೆ.

ಇದನ್ನು ಹೇಳಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಹೇಳುವಾಗ ಕಣ್ಣು ತುಂಬೀತು ಎಂದುಕೊಂಡಿದ್ದೆ. ಹಾಗೇನೂ ಆಗುತ್ತಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದು ಈ ಕಾಗದ ಬರೆಯುತ್ತ ಕೂತಿದ್ದೇನೆ. ಹೊರಗೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದಾರೆ, ಅದು ಸ್ಟಾರ್ಟ್ ಆಗುತ್ತಿಲ್ಲ. ಪ್ಲಗ್ ಕ್ಲೀನ್ ಮಾಡಬೇಕು ಎಂದು ನನ್ನ ತಲೆ ಅದನ್ನೇ ಯೋಚಿಸುತ್ತಿದೆ — ಇಂಥ ಹೊತ್ತಿನಲ್ಲೂ. ಭಾವ ಹೋದ ಮೇಲೆ ನಾನು ಇರುವುದೇ ಹೀಗೆ.

ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಸುಳ್ಳು ಇರುವುದು ಅದರೊಳಗೆ. ನವುಲೆಯ ಈ ಅಂಗಡಿಯಲ್ಲಿ ಕಾರುಗಳ ವೈರಿಂಗ್, ಸೆನ್ಸರ್ ಎಲ್ಲ ನೋಡುತ್ತೇನೆ. ಕೇಳಿದವರಿಗೆ ರೀಮ್ಯಾಪ್ ಕೂಡ. ಎಷ್ಟು ಪೆಟ್ರೋಲ್ ಬಿಡಬೇಕು, ಯಾವ ಹೊತ್ತಿಗೆ ಕಿಡಿ ಹೊತ್ತಬೇಕು ಎಂದು ತೀರ್ಮಾನಿಸುವ ಒಂದು ಕಂಪ್ಯೂಟರ್ ಕಾರಿನಲ್ಲಿರುತ್ತದೆ. ಅದರ ಲೆಕ್ಕವನ್ನು ಲ್ಯಾಪ್‌ಟಾಪಿನಿಂದ ತಿದ್ದುವುದೇ ರೀಮ್ಯಾಪ್. ಟರ್ಬೊ ಇರುವ ಗಾಡಿಗೆ ಇದರಿಂದ ನಿಜವಾಗಿಯೂ ಶಕ್ತಿ ಬರುತ್ತದೆ. ಅಲ್ಲಿ ಗಾಳಿಯನ್ನು ಒತ್ತಿ ತುಂಬುವ ಯಂತ್ರವಿದೆ, ಇನ್ನಷ್ಟು ಒತ್ತು ಎಂದು ಅದಕ್ಕೆ ಹೇಳಬಹುದು. ಟರ್ಬೊ ಇಲ್ಲದ ಪೆಟ್ರೋಲ್ ಕಾರು ತಾನಾಗಿ ಎಳೆದುಕೊಂಡಷ್ಟು ಗಾಳಿಯಲ್ಲೇ ಓಡಬೇಕು. ಏನು ತಿದ್ದಿದರೂ ಕೂದಲೆಳೆಯಷ್ಟು ವ್ಯತ್ಯಾಸ. ಬಂದ ಗಿರಾಕಿಗಳಿಗೆಲ್ಲ ನಾನೇ ಹೇಳಿ ಕಳಿಸುತ್ತಿದ್ದೆ, "ಬೇಡ ಸಾರ್, ದಂಡ. ಏರ್ ಫಿಲ್ಟರ್ ಬದಲಾಯ್ಸಿ, ಟಯರಿಗೆ ಸರಿಯಾಗಿ ಗಾಳಿ ಹಾಕ್ಸಿ, ಸಾಕು." ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದ ನಿಜ ಅದು.

ಭಾವನಿಗೂ ಹೇಳಿದ್ದೆ. ಒಂದು ಸಲ. ಅವರ ಆಸೆ ಎಲ್ಲಿಂದ ಶುರುವಾಯಿತು ಎಂದು ನಿನಗೆ ನೆನಪಿರಬೇಕು — ನಿಮ್ಮ ಪಕ್ಕದ ಮನೆಯವರು ಟರ್ಬೊ ಕಾರು ತಂದ ಮೇಲೆ. ಎ.ಸಿ. ಹಾಕಿಕೊಂಡು, ನಾಲ್ಕು ಜನ ಕೂತು ಏರು ಹತ್ತುವಾಗ ನಿಮ್ಮ ಕಾರು ಏದುಸಿರು ಬಿಡುತ್ತದೆ ಎಂದು ಅವರು ತಮಾಷೆ ಮಾಡಿದ್ದರಂತೆ. ಭಾವ ಅವರೆದುರು ನಕ್ಕರು. ಆಮೇಲೆ ರಾತ್ರಿಯೆಲ್ಲ ಮೊಬೈಲಿನಲ್ಲಿ ರೀಮ್ಯಾಪಿನ ವಿಡಿಯೊ ನೋಡಿದರು. ಭಾನುವಾರ ತಮ್ಮ ಪುಸ್ತಕದಂಗಡಿ ಮುಚ್ಚಿ ಸೀದಾ ನನ್ನಲ್ಲಿಗೆ ಬಂದರು.

"ನಂದಕ್ಕೂ ಒಂದು ಮಾಡ್ಕೊಡೋ ಮಾರಾಯ."

"ನಿಮ್ಮ ಗಾಡಿಗೆ ಟರ್ಬೊ ಇಲ್ಲ, ಅದರಿಂದ ಏನೂ ಬರಲ್ಲ ಭಾವ."

"ನಮ್ಮ ಗಾಡಿ ಅಂದ್ರೆ ನಿಂಗೂ ಸದರ ಆಯ್ತು ಅನ್ನು."

ನಗುತ್ತಲೇ ಅಂದರು. ಆದರೆ ಮುಖ ಚಿಕ್ಕದಾಯಿತು. ನಾನು ಆ ಮುಖ ನೋಡಲಾರದೆ ಒಪ್ಪಿಕೊಂಡೆ ಎಂದು ಬರೆದರೆ ನಿನಗೆ ಕರುಣೆ ಬರಬಹುದು. ಅದು ಪೂರ್ತಿ ನಿಜವಲ್ಲ. ಮೂರು ವಾರ ಬಿಡದೆ ಬಂದರು, ನನಗೆ ಬೇಸರವಾಗಿತ್ತು. ಒಮ್ಮೆ ಮಾಡಿದ ಹಾಗೆ ಮಾಡಿ ಕಳಿಸಿದರೆ ಈ ಕಾಟ ತಪ್ಪುತ್ತದೆ ಎಂದುಕೊಂಡೆ. ಮತ್ತೆ — ಇದನ್ನೂ ಹೇಳಬೇಕು — ಒಳಗೊಳಗೇ ನಗುವೂ ಬಂದಿತ್ತು.

ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ವೈರು ಚುಚ್ಚಿದೆ. ಲ್ಯಾಪ್‌ಟಾಪು ಕಾರಿನ ಲೆಕ್ಕವನ್ನು ಓದತೊಡಗಿತು. ಬರೀ ಓದಿತು, ಏನನ್ನೂ ಬರೆಯಲಿಲ್ಲ. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ಉದ್ದವಾಗುತ್ತಿತ್ತು. ಭಾವ ಆಪರೇಷನ್ ಥಿಯೇಟರಿನ ಹೊರಗೆ ನಿಂತವರ ಹಾಗೆ ಕೈಕಟ್ಟಿಕೊಂಡು ನಿಂತಿದ್ದರು. ಪಟ್ಟಿ ತುಂಬಿತು, ವೈರು ಕಿತ್ತೆ. "ಆಯ್ತು ಭಾವ" ಎಂದೆ. ಅಂಗಡಿಯ ಮುಂದೆಯೇ ಒಂದು ಸುತ್ತು ಓಡಿಸಿ ಬಂದರು. "ಅಂಥಾ ವ್ಯತ್ಯಾಸ ಗೊತ್ತಾಗ್ತಿಲ್ವಲ್ಲೋ" ಅಂದರು, ಪಾಪ, ಸಂಕೋಚದಿಂದ.

ಆಗ ಹೇಳಬಹುದಿತ್ತು. ಹೇಳಿದರೆ ಒಂದು ನಗೆಯಲ್ಲಿ ಮುಗಿದುಹೋಗುತ್ತಿತ್ತು. ನಾನು ಹೇಳಿದ್ದು ಬೇರೆ.

"ಊರೊಳಗೆ ಗೊತ್ತಾಗಲ್ಲ ಭಾವ. ಓವರ್‌ಟೇಕ್ ಮಾಡುವಾಗ ಗೊತ್ತಾಗುತ್ತೆ."

ಈ ಮಾತು ಯಾಕೆ ಬಾಯಿಗೆ ಬಂತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಭಾವ ಓವರ್‌ಟೇಕ್ ಮಾಡುವವರೇ ಅಲ್ಲ, ಅದಕ್ಕೇ ಬಂತು. ಹಿಂದಿನವರಿಗೆಲ್ಲ ಕೈಸನ್ನೆ ಮಾಡಿ ದಾರಿ ಬಿಡುವ ಮನುಷ್ಯ. ಎಂದೂ ಪರೀಕ್ಷೆ ಮಾಡಿ ನೋಡಲಾರರು, ನನ್ನ ಸುಳ್ಳು ಎಂದೂ ಸಿಕ್ಕಿಬೀಳಲಾರದು ಎಂಬ ಧೈರ್ಯ.

ಮನೆಗೆ ಹೋಗುವಾಗ ಮಲವಗೊಪ್ಪ ದಾಟಿ ಗಾಡಿ ಬದಿಗೆ ನಿಲ್ಲಿಸಿ ಫೋನ್ ಮಾಡಿದರು. ಓಡಿಸುತ್ತ ಫೋನ್ ಮುಟ್ಟಿದವರಲ್ಲ ಅವರು. "ಮಾರಾಯ, ಒಂದು ಬಸ್ಸನ್ನೇ ಹಿಂದೆ ಹಾಕ್ದೆ ಕಣೋ. ಗಾಡಿ ಹಾರ್ತಾ ಇದೆ. ನಿನ್ನ ಕೈಗುಣ." ಖಾಲಿ ರಸ್ತೆಯಲ್ಲಿ ಆ ಕಾರು ಮೊದಲೂ ಬಸ್ಸನ್ನು ಹಿಂದೆ ಹಾಕುತ್ತಿತ್ತು, ಇವರು ಹಾಕಿರಲಿಲ್ಲ, ಅಷ್ಟೆ. ನಾನು ಅದನ್ನು ಹೇಳಲಿಲ್ಲ. ಖುಷಿಯಾಗಿದ್ದಾರೆ, ಇರಲಿ ಎಂದು ಫೋನ್ ಇಟ್ಟೆ.

ಉಳಿದದ್ದು ನನಗಿಂತ ನಿನಗೆ ಗೊತ್ತು. ಅವರ ತಂಗಿಯನ್ನು ಸೋಗಾನೆಯಲ್ಲಿ ವಿಮಾನ ಹತ್ತಿಸಿ ನೀವಿಬ್ಬರೇ ಹಿಂದಿರುಗುತ್ತಿದ್ದಿರಿ. ಮುಂದೆ ಕಬ್ಬಿನ ಟ್ರ್ಯಾಕ್ಟರ್. ಎದುರಿಗೆ, ದೂರದಲ್ಲಿ, ಲಾರಿ. "ನಿಧಾನ ಹೋಗೋಣ ಬಿಡಿ" ಎಂದು ನೀನು ಅಂದೆಯಂತೆ. "ಈಗ ಹೆದರ್ಬೇಡ, ಗಾಡಿ ಎಳೆಯುತ್ತೆ" ಎಂದು ಅವರು ಅಂದರಂತೆ. ಆಸ್ಪತ್ರೆಯಲ್ಲಿ ಮಲಗಿಕೊಂಡು, ಭುಜಕ್ಕೆ ಪಟ್ಟಿ ಸುತ್ತಿಸಿಕೊಂಡು, ನೀನು ಆ ಮಾತನ್ನು ನನಗೆ ಹೇಳಿದೆ. ಗಾಡಿ ಎಂದಿನಷ್ಟೇ ಎಳೆಯಿತು, ಅಕ್ಕ. ಅದಕ್ಕೆ ಗೊತ್ತಿದ್ದದ್ದು ಅಷ್ಟೇ.

ನಾನು ನಿನ್ನ ಮಂಚದ ಪಕ್ಕ ನಿಂತು ಗೋಡೆಯ ಮೇಲಿನ ಬೋರ್ಡು ಓದಿದೆ: ಚಪ್ಪಲಿ ಹೊರಗೆ ಬಿಡಿ. ಮತ್ತೆ ಮತ್ತೆ ಅದನ್ನೇ ಓದಿದೆ. ಅಳು ಬರಲಿಲ್ಲ. ಧೈರ್ಯವಂತ ಎಂದು ಎಲ್ಲರೂ ಅಂದುಕೊಂಡರು.

ಪೊಲೀಸರು ನಿನ್ನನ್ನು ಕೇಳಿದರು, ಗಾಡಿಗೆ ಏನಾದರೂ ಮಾಡಿಸಿದ್ದಿರಾ ಎಂದು. ನೀನು ನನ್ನ ಕಡೆ ಒಮ್ಮೆ ನೋಡಿ, "ಇಲ್ಲ, ಏನೂ ಮಾಡ್ಸಿಲ್ಲ" ಎಂದೆ. ತಮ್ಮನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೇನೆ ಎಂದು ನೀನು ತಿಳಿದಿದ್ದೆ. ನೀನು ಹೇಳಿದ್ದು ನಿಜವೇ ಆಗಿತ್ತು. ಅಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ, ಮತ್ತು ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ — ಋಣಿಯಂತೆ.

ಸೂತಕ ಕಳೆದ ಮೇಲೆ ನೀನು ಅರಿಸಿನದ ಬಟ್ಟೆಯಲ್ಲಿ ಒಂದು ರೂಪಾಯಿ ಗಂಟು ಕಟ್ಟಿ ದೇವರ ಮುಂದೆ ಇಟ್ಟು, "ಪೊಲೀಸರ ಹತ್ರ ಸುಳ್ಳು ಹೇಳಿದ್ನಲ್ಲ, ತಪ್ಪುಕಾಣಿಕೆ" ಎಂದೆ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಅವರು ಕೇಳಿದ್ದನ್ನ ನೀನು ಮಾಡ್ಕೊಟ್ಟೆ. ಗಾಡಿಗೆ ಶಕ್ತಿ ಜಾಸ್ತಿ ಆಯ್ತು, ಅವರಿಗೆ ಹಿಡಿತ ಸಿಗ್ಲಿಲ್ಲ. ಅದ್ರಲ್ಲಿ ನಿಂದೇನು ತಪ್ಪು? ಮನಸ್ಸಿಗೆ ಹಚ್ಕೋಬೇಡ" ಎಂದು ಸಮಾಧಾನ ಮಾಡಿದೆ.

ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತು. ನಾನು ಅದನ್ನು ತೆಗೆದುಕೊಂಡೆ. ಅತಿ ಶಕ್ತಿ ಕೊಟ್ಟು ಕೆಡಿಸಿದ ತಮ್ಮ ಎನ್ನಿಸಿಕೊಳ್ಳುವುದು, ಸುಳ್ಳು ಹೇಳಿ ಕಳಿಸಿದ ತಮ್ಮ ಎನ್ನಿಸಿಕೊಳ್ಳುವುದಕ್ಕಿಂತ ಹಗುರವಾಗಿತ್ತು. ಸ್ಟೇಷನ್ನಿನ ಹಿಂದೆ ನಿಲ್ಲಿಸಿದ್ದ ಕಾರನ್ನು ನೋಡಲು ಒಮ್ಮೆ ಹೋಗಿದ್ದೆ. ಮುಂಭಾಗವೇ ಇರಲಿಲ್ಲ. ಆ ಕಂಪ್ಯೂಟರನ್ನು ಇನ್ನು ಯಾರೂ ತೆರೆದು ನೋಡಲಾರರು ಎಂದು ಹೊಳೆಯಿತು, ನೆಮ್ಮದಿಯಾಯಿತು. ಹೌದು, ನೆಮ್ಮದಿಯೇ. ಅದಕ್ಕೆ ಬೇರೆ ಹೆಸರು ಕೊಡಲಾರೆ.

ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಮಗಳಿಗೆ ಡ್ರೈವಿಂಗ್ ಕಲಿಸು ಎಂದು ಮಾನಸಾಳನ್ನು ನೀನೇ ಕಳಿಸಿದೆ. ಹುಡುಗಿ ಚೆನ್ನಾಗಿ ಕಲಿಯುತ್ತಿದ್ದಾಳೆ. ತಿರುವಿಗೆ ಮೊದಲೇ ವೇಗ ಇಳಿಸುತ್ತಾಳೆ, ಹಿಂದಿನವರಿಗೆ ಕೈಸನ್ನೆ ಮಾಡಿ ದಾರಿ ಬಿಡುತ್ತಾಳೆ. ಯಾರ ಕೈ ಅದು ಎಂದು ನನಗೆ ಗೊತ್ತು. ಕಳೆದ ವಾರ ಒಂದು ಟ್ರ್ಯಾಕ್ಟರಿನ ಹಿಂದೆ ಸುಮ್ಮನೆ ಹೋಗುತ್ತಿದ್ದಳು. ಜಾಗವಿದೆ, ಮುಂದೆ ಹೋಗಬಹುದು ಎಂದೆ. ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಬೇಡ ಮಾಮ. ಅಪ್ಪನ ಥರ ಸ್ಪೀಡಿನ ಹುಚ್ಚು ನಂಗಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯದ ಹಾಗೆ ಹೇಳಿದಳು. ನಾನು "ಹೂಂ" ಎಂದೆ. ಅಕ್ಕ, ನಾನು ಹೂಂ ಎಂದೆ.

ಅಪ್ಪ ಎಂದರೆ ಅವಳಿಗೆ ಈಗ ಅಷ್ಟೇ ಉಳಿದಿದ್ದಾರೆ. ಆ ವಯಸ್ಸಿನಲ್ಲಿ ಕಾರಿಗೆ ಶಕ್ತಿ ತುಂಬಿಸಿಕೊಂಡು ಹೆಂಡತಿಯನ್ನೂ ಅಪಾಯಕ್ಕೆ ಒಯ್ದ ಮನುಷ್ಯ. ಅವರು ಜೀವಮಾನವೆಲ್ಲ ದಾರಿ ಬಿಟ್ಟದ್ದು ಲೆಕ್ಕಕ್ಕೆ ಬರಲಿಲ್ಲ. ಅವರ ಜೀವವನ್ನು ವಾಪಸ್ ತರಲಾರೆ. ಅವರ ಹೆಸರು ಮಾತ್ರ ಇನ್ನೂ ನನ್ನ ಕೈಯಲ್ಲಿತ್ತು. ಅದನ್ನೂ ಹೂಂ ಎಂದು ಬಿಟ್ಟುಕೊಟ್ಟೆ.

ಈ ಕಾಗದವನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಓದಿ ಮುಗಿಸುವವರೆಗೆ ಬಾಗಿಲ ಹೊರಗೆ ನಿಂತಿರುತ್ತೇನೆ. ಒಳಗೆ ಕರೆಯಬೇಕೆಂದೇನೂ ಇಲ್ಲ. ದೇವರ ಮುಂದಿನ ಆ ಗಂಟನ್ನು ಮಾತ್ರ ನನಗೆ ಕೊಟ್ಟುಬಿಡು. ಅದು ನಿನ್ನ ತಪ್ಪಿನದಲ್ಲ.

ಭಾನುವಾರ ಮಾನಸಾ ಬರುತ್ತಾಳೆ. ಎಂದಿನಂತೆ ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಕೀಲಿಗೆ ಕೈ ಚಾಚುತ್ತಾಳೆ. ಕೀಲಿ ಕೊಡುವ ಮೊದಲು ಹೇಳುತ್ತೇನೆ: ನಿಮ್ಮಪ್ಪನಿಗೆ ಸ್ಪೀಡಿನ ಹುಚ್ಚು ಇರಲಿಲ್ಲ ಮಗಳೇ. ಅವರು ನನ್ನ ಮಾತು ನಂಬಿದ್ದರು.