ಹುಳುಮನೆಯ ಪಕ್ಕ ದ್ರಾಕ್ಷಿ ಜಾಮು

ಅಥವಾ ಒಲೆಗೆ ನೀರು ಸುರಿದದ್ದು ಚಿಕ್ಕಮ್ಮನಲ್ಲವೇನೋ. ನನ್ನ ನೆನಪಿಗೊಂದು ದುರಭ್ಯಾಸವಿದೆ: ತಪ್ಪುಗಳನ್ನೆಲ್ಲ ಪಕ್ಕದವರ ಕೈಗೆ ಕೊಟ್ಟುಬಿಡುತ್ತದೆ.

ಇಷ್ಟು ಖಚಿತ. ದಸರಾ ಮುಗಿದಿತ್ತು. ಮೇಲೂರಿನ ಚಿಕ್ಕಮ್ಮನ ತೋಟದಲ್ಲಿ ಕಪ್ಪು ದ್ರಾಕ್ಷಿ ಕೊಯ್ದು, ಗೊಂಚಲಿನಿಂದ ಉದುರಿದ ಹಣ್ಣು ಎರಡು ಕ್ರೇಟು ಉಳಿದಿತ್ತು. ಸಿಪ್ಪೆ ಹುಳಿ, ತಿರುಳು ಸಿಹಿ, ಮುಟ್ಟಿದರೆ ಬೆರಳೆಲ್ಲ ನೇರಳೆ. ಜಾಮು ಮಾಡಲೇಬೇಕೆಂದು ನಾನು ಕುಣಿದೆ.

"ಮಾಡ್ಕೋ ತಾಯಿ, ಬೇಡ ಅಂದೋರ್ಯಾರು? ಆದ್ರೆ ಹುಳ ನಾಲ್ಕನೇ ಜ್ವರಕ್ಕೆ ಕೂತೈತೆ. ವಾಸನೆ ಗೀಸನೆ ಅತ್ತ ಹೋದ್ರೆ ನಿನ್ನನ್ನೇ ಬಾಣಲೆಗೆ ಹಾಕ್ತೀನಿ," ಎಂದಳು ಚಿಕ್ಕಮ್ಮ.

ರೇಷ್ಮೆಹುಳು ಪೊರೆ ಕಳಚಲು ಮೇವು ಬಿಟ್ಟು, ತಲೆಯೆತ್ತಿ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಎಲೆ ತಿಂದರೆ ಗೂಡು, ಇಲ್ಲದಿದ್ದರೆ ಇಷ್ಟು ದಿನದ ದುಡಿಮೆ ತಿಪ್ಪೆಗೆ. ಹುಳು ಮೂಗಿಲ್ಲದೆ ಮೀಸೆಯಿಂದಲೇ ಮೂಸುತ್ತದೆ, ಕಟು ವಾಸನೆ ಬಡಿದರೆ ಎಲೆ ಮುಟ್ಟುವುದಿಲ್ಲ ಎಂದು ಎಲ್ಲೋ ಓದಿದ್ದೆ. ಹಾಗಾಗಿ ಹುಳು ಸಾಕುವ ಆ ಮನೆಯಲ್ಲಿ ಜ್ವರದ ದಿನ ಒಗ್ಗರಣೆಯಿಲ್ಲ, ಊದುಬತ್ತಿಯೂ ಇಲ್ಲ. ದೇವರು ಬರೀ ಹೂವಿಗೆ ತೃಪ್ತನಾಗುತ್ತಾನೆ.

ನಾನೂ ದೂರದ ಪಂಪ್‌ಹೌಸಿನ ಹಿಂದೆ ಮೂರು ಕಲ್ಲು ಹೂಡಿದೆ. ಚಿಕ್ಕಮ್ಮ ಸೆರಗು ಬಿಟ್ಟು ಗಾಳಿ ನೋಡಿ ತಲೆಯಾಡಿಸಿದಳು. ಹಣ್ಣು ಬೆಂದಿತು, ಬೀಜ ಸೋಸಿದ್ದಾಯಿತು, ಸಕ್ಕರೆ ಬಿತ್ತು, ನಿಂಬೆರಸ ಬಿತ್ತು. ಕಪ್ಪು ರಸ ಹೊಳೆಯುವ ಕೆಂಪಾಗಿ ಗುಳುಗುಳು ಕುದಿಯತೊಡಗಿದಾಗ ನನಗೆ ರೆಕ್ಕೆ ಬಂದಂತಿತ್ತು. ತಟ್ಟೆಗೆ ಬಿಟ್ಟ ಹನಿ ಇನ್ನೇನು ನಿಲ್ಲಬೇಕು, ಗಾಳಿ ತಿರುಗಿತು. ಘಮವೆಲ್ಲ ನೇರ ಹುಳುಮನೆಯತ್ತ!

ಗಾಬರಿಯಲ್ಲಿ ಒಲೆಗೆ ನೀರು ಸುರಿದೆವು. ಸರಿ, ಸುರಿದೆ. ಘಮದ ಹಿಂದೆ ದಟ್ಟ ಹೊಗೆಯೂ ಹೊರಟಿತು.

"ಅಯ್ಯೋ, ಪದವೀಧರೆ ಕಣೇ ನೀನು! ಮಣ್ಣು ಹಾಕೇ, ಮಣ್ಣು!" ಎಂದು ಚಿಕ್ಕಮ್ಮ ಕೂಗುತ್ತ ಬೊಗಸೆಬೊಗಸೆ ಮಣ್ಣು ಎರಚಿದಳು. ಬೆಂಕಿ ಸತ್ತಿತು, ಜಾಮು ಹದಕ್ಕೆ ಬರದೆ ಪಾನಕದಂತೆ ನಿಂತಿತು. ಅದನ್ನು ನಾವು ಬಾಯಿ ಚಪ್ಪರಿಸಿ ದೋಸೆಗೆ ಸುರಿದುಕೊಂಡೆವು, ಆದರೆ ಅದು ಆಮೇಲಿನ ಮಾತು.

ಮರುದಿನ ಬೆಳಿಗ್ಗೆ ಹುಳು ಎದ್ದಿತು. ಎಲೆ ಹಾಸಿ, ಇಬ್ಬರೂ ಕಿವಿಗೊಟ್ಟು ಬಾಗಿಲಲ್ಲಿ ನಿಂತೆವು. ಮೊದಲು ಏನೂ ಇಲ್ಲ. ಆಮೇಲೆ ಒಂದು ಕಡೆಯಿಂದ ಚರಚರ, ಮತ್ತೊಂದು ಕಡೆಯಿಂದ, ಕೊನೆಗೆ ಮನೆ ತುಂಬ ಮೇಯುವ ಸದ್ದು. ಚಿಕ್ಕಮ್ಮ ನನ್ನ ತೋಳು ಚಿವುಟಿ ನಕ್ಕಳು.

ಕಿಟಕಿ ಪಕ್ಕದ ಒಂದು ಬಿದಿರು ತಟ್ಟೆಯ ಹುಳುಗಳು ಮಾತ್ರ ಮಧ್ಯಾಹ್ನದವರೆಗೂ ಎಲೆ ಮುಟ್ಟಲಿಲ್ಲ. ಅವು ತಡವಾಗಿ ಜ್ವರಕ್ಕೆ ಕೂತಿದ್ದವೆಂದು ಚಿಕ್ಕಮ್ಮ ಹೇಳಿದಳು. ನಿಜಕ್ಕೋ, ನನ್ನ ಸಮಾಧಾನಕ್ಕೋ, ನನಗೆ ಗೊತ್ತಿಲ್ಲ.