ನೀರು ಹಾಕುವ ಅಜ್ಜಿಯ ಹೆಬ್ಬೆರಳು

ಗುಂಡ್ಲುಪೇಟೆಯ ನಮ್ಮ ಬೀದಿಯ ಎಳೆಗೂಸುಗಳಿಗೆ ನೀರು ಹಾಕಲು ಒಬ್ಬ ಅಜ್ಜಿ ತೆರಕಣಾಂಬಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಮೈ ಒರೆಸುವಾಗ ನನ್ನ ಮಗ ಅವಳ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಬಿಡುತ್ತಿದ್ದ. "ಬುಡಪ್ಪ ದೊರೆ, ಇನ್ನೂ ಮೂರು ಮನೆ ಅವೆ," ಎಂದು ದಿನವೂ ಬೇಡಿಕೊಳ್ಳುತ್ತಿದ್ದಳು.

ಇಪ್ಪತ್ತು ದಿನದ ಕೂಸನ್ನು ಕಂಕುಳಿಗೆ ಕೈಕೊಟ್ಟು ಮಣೆಯ ಮೇಲೆ ನಿಲ್ಲಿಸಿದರೆ ಪುಟಪುಟನೆ ಹೆಜ್ಜೆ ಎತ್ತಿಡುತ್ತಿತ್ತು. ನಮ್ಮತ್ತೆ ಕಾಯಿನ್ ಬೂತಿನಿಂದ ಚಾಮರಾಜನಗರದ ನೆಂಟರಿಗೆಲ್ಲ ಫೋನು ಮಾಡಿ ಹೇಳಿದರು. ಎರಡು ತಿಂಗಳು ತುಂಬುವಷ್ಟರಲ್ಲಿ ಆ ನಡಿಗೆ ನಿಂತೇಹೋಯಿತು. ಕಾಲಿನ ಶಕ್ತಿಯೇ ಹೋಯಿತೆಂದು ನಾನು ಕಣ್ಣೀರಿಟ್ಟೆ. ಅತ್ತೆ ಮೆಣಸಿನಕಾಯಿ ನಿವಾಳಿಸಿದರು.

ಅಜ್ಜಿ ಟಬ್ಬಿಗೆ ಬೆಚ್ಚನೆ ನೀರು ತುಂಬಿಸಿ, ಕೂಸನ್ನು ಎದೆಮಟ್ಟಕ್ಕೆ ಇಳಿಸಿ ಹಿಡಿದಳು. ನೀರೊಳಗೆ ಕಾಲುಗಳು ಮತ್ತೆ ಹೆಜ್ಜೆ ಹಾಕತೊಡಗಿದವು!

"ಶಕ್ತಿ ಎಲ್ಲೂ ಓಗಿಲ್ಲ ಕಣಮ್ಮಿ. ಹಾಲು ಕುಡ್ದು ತೊಡೆ ಊದ್ಕಂಡವೆ, ಎತ್ತಕ್ಕೆ ಭಾರ. ನೀರಲ್ಲಾದ್ರೆ ಅಗುರ. ನಿಮ್ಮತ್ತೇನೂ ಇಳ್ಸಿ ನೋಡು, ಕುಣೀತಾರೆ."

ವರ್ಷ ತುಂಬಿದ ಮೇಲೊಂದು ದಿನ ಅಜ್ಜಿ ನಮ್ಮ ಬಾಗಿಲಲ್ಲಿ ಕುಳಿತು, "ಬಾ ದೊರೆ," ಎಂದು ಹೆಬ್ಬೆರಳು ಚಾಚಿದಳು. ಮಗ ತಟಪಟ ನಡೆದು ಬಂದ, ಬೆರಳನ್ನು ನೋಡಿದ, ಅದನ್ನು ದಾಟಿಕೊಂಡು ಬೀದಿಯತ್ತ ಹೊರಟ.

"ಅಯ್ಯೋ, ಬೆರಳು ಇಡ್ಕೊಳ್ಲಾ!" ಎನ್ನುತ್ತ ಅಜ್ಜಿ ಮಿಕ್ಕ ಮೂರು ಮನೆಗಳನ್ನು ಮರೆತು ಅವನ ಹಿಂದೆ ಓಡಿದಳು.