ಹಬ್ಬದ ದಿನ ಅಳಬಾರದು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸೊರಬ ತಾಲ್ಲೂಕಿನ, ಆನವಟ್ಟಿಯಿಂದ ಸ್ವಲ್ಪ ಒಳಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಮಕ್ಕಳಿಗೆ ಪೋಲಿಯೋ ಹನಿ ಹಾಕುವುದು, ಆ ಹನಿ ಕೆಡದಂತೆ ಫ್ರಿಜ್ಜಿನಲ್ಲಿ ಕಾಪಾಡುವುದು ನನ್ನ ಪಾಲಿನ ಕೆಲಸ. ಕಾಯುವುದಕ್ಕೆ ಜೊತೆಯಾಗಿ ಮೇಲಿನವರು ಒಂದು ಬಿಳಿ ಡಬ್ಬಿ ಕಳಿಸಿದರು. ಅದರ ತಂತಿಯ ತುದಿ ಫ್ರಿಜ್ಜಿನೊಳಗೆ. ಒಳಗೆ ಬಿಸಿಯೇರಿದರೆ ಡಬ್ಬಿ ಹೊರಗೆ ಕೂಗಿಕೊಳ್ಳಬೇಕು. "ಇನ್ನು ಮಷೀನನ್ನ ಮಷೀನೇ ಕಾಯುತ್ತೆ, ನೀವು ಆರಾಮಾಗಿರಿ" ಎಂದು ಜೋಡಿಸಲು ಬಂದವನು ಹೇಳಿ ಹೋದ. ಪುಣ್ಯಾತ್ಮ ನಮ್ಮೂರಿನ ಕರೆಂಟು ನೋಡಿರಲಿಲ್ಲ.

ಕರೆಂಟು ಹೋದಾಗೆಲ್ಲ ಡಬ್ಬಿ ಕೂಗಿತು. ವೋಲ್ಟೇಜು ಕುಸಿದರೂ ಕೂಗಿತು, ಸುಮ್ಮಸುಮ್ಮನೆಯೂ ಕೂಗಿತು. ಮೊದಮೊದಲು ತಟ್ಟೆ ಬಿಟ್ಟು ಎದ್ದು ಓಡುತ್ತಿದ್ದೆ. ಆಮೇಲಾಮೇಲೆ ಊಟ ಮುಗಿಸಿ, ಕೈ ತೊಳೆದು ಹೋಗತೊಡಗಿದೆ. "ನಿಮ್ ಕೂಸು ಎದ್ದಿದೆ ನೋಡ್ರೀ ಸಿಸ್ಟರ್" ಎಂದು ಪಕ್ಕದ ಮನೆಯವರು ಕಿಚಾಯಿಸುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಶಿಕಾರಿಪುರದ ತವರಿಗೆ ಹೋದವಳು, ವಿಜಯದಶಮಿಗೆ ಬನ್ನಿ ಹಂಚಿ, ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ವಾಪಸಾದೆ. ಅವತ್ತು ಲಸಿಕೆಯ ದಿನ. ಜಗಲಿಯ ತುಂಬ ತಾಯಂದಿರು. ಅವರ ನಡುವೆ, ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರ ಹೆಂಡತಿಯೂ ಎಳೆಗೂಸನ್ನು ಎತ್ತಿಕೊಂಡು ಕೂತಿದ್ದಳು. ನೋಡಿ ನನಗೆ ಹಿಗ್ಗೋ ಹಿಗ್ಗು. ಆಕೆಯ ಮೊದಲ ಮಗಳಿಗೆ ಪೋಲಿಯೋ ಬಂದು ಒಂದು ಕಾಲು ಸೋತಿತ್ತು. ನಾನು ಆ ಊರಿಗೆ ಬರುವ ಮೊದಲು ಆ ಮಗುವಿಗೂ ಹನಿ ಹಾಕಿಸಿದ್ದರಂತೆ. "ಹಾಕ್ಸಿದ್ರೂ ಬಂತಲ್ಲ, ಮತ್ಯಾಕೆ?" ಎಂದು ಗಂಡ ಈ ಗಂಡುಮಗುವಿಗೆ ಬೇಡವೆಂದೇ ಹಟ ಹಿಡಿದಿದ್ದ. ಅವರ ಬಾಗಿಲಿಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆದಿತ್ತು. ಕೊನೆಗೆ ನನ್ನ ಮಾತಿನ ಮೇಲೆ ಹೂಂ ಅಂದಿದ್ದ.

ಒಳಗೆ ಹೋದೆ. ಫ್ರಿಜ್ಜಿನ ಬಾಗಿಲಿಗೆ ಮೂರು ಬೆರಳಿನ ವಿಭೂತಿ, ಮೇಲೆ ಚೆಂಡುಹೂವಿನ ಹಾರ. ನಮ್ಮ ಅಟೆಂಡರ್ ಅಜ್ಜನ ಕೈಕೆಲಸ ಎಂದು ನಗು ಬಂತು. ಒಳಗಿನ ಥರ್ಮಾಮೀಟರಿನ ಮುಳ್ಳು ಇರಬೇಕಾದ ಜಾಗದಲ್ಲೇ ಇತ್ತು. ಹನಿಯ ಸೀಸೆ ತೆಗೆಯಲು ಮೇಲಿನ ಐಸಿನ ಗೂಡಿಗೆ ಕೈ ಹಾಕಿದಾಗ ಹಳದಿಯದೇನೋ ಕಂಡಿತು. ಚೆಂಡುಹೂವಿನ ಎಸಳು. ಉಗುರಿನಿಂದ ಕೆರೆದೆ, ಬರಲಿಲ್ಲ. ಎಸಳು ಐಸಿನ ಮೇಲಿರಲಿಲ್ಲ, ಐಸಿನೊಳಗಿತ್ತು. ಅಂದರೆ ಹಬ್ಬದ ದಿನ ಈ ಐಸು ನೀರಾಗಿತ್ತು. ಪಕ್ಕದಲ್ಲಿದ್ದ ಹನಿಯ ಸೀಸೆಗಳೂ ಬಿಸಿಯೇರಿದ್ದವು.

"ಅಜ್ಜಾರೇ, ಫ್ರಿಜ್ ಬಂದ್ ಮಾಡಿದ್ರಾ?"

"ಹೂಂ ಮತ್ತೆ. ವರ್ಷವೆಲ್ಲಾ ದುಡೀತದೆ, ಅದಕ್ಕೂ ಒಂದಿನ ಬಿಡುವು ಬೇಡ್ವಾ? ತೊಳೆದು, ಒರೆಸಿ, ಬಾಗ್ಲು ತೆಗೆದು ಗಾಳಿಗೆ ಬಿಟ್ಟಿದ್ದೆ. ಮಾರನೇ ದಿನ ಬೆಳಿಗ್ಗೇನೇ ಹಾಕಿದೀನಿ."

"ಡಬ್ಬಿ ಕೂಗ್ಲಿಲ್ವಾ?"

"ಕೂಗ್ತು. ಅದ್ರದ್ದೇನು, ದಿನಾ ಇರೋದೇ. ಹಬ್ಬದ ದಿನ ಅಳಬಾರ್ದು ಅಂತ ಸೆಲ್ ತೆಗೆದಿಟ್ಟೆ."

ತವರಿನಲ್ಲಿ ಹೊಲಿಗೆ ಮಷೀನಿಗೆ ಕುಂಕುಮ ಹಚ್ಚಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಬಂದವಳು ನಾನು. ಅಜ್ಜನನ್ನು ಬೈಯಲು ಬಾಯಿ ಬರಲಿಲ್ಲ. ಸಿಟ್ಟೆಲ್ಲ ಆ ಡಬ್ಬಿಯ ಮೇಲೆ ಬಂತು. ಸುಳ್ಳು ಸುಳ್ಳೇ ಅತ್ತು ಅತ್ತು, ನಿಜವಾಗಿ ಅತ್ತ ದಿನ ಯಾರೂ ಕಿವಿಗೊಡದ ಹಾಗೆ ಮಾಡಿಕೊಂಡಿತ್ತು.

ಡಾಕ್ಟರಿಗೆ ಹೇಳಿದೆ. ಅವರು ಮುಳ್ಳು ನೋಡಿದರು, ಜಗಲಿ ನೋಡಿದರು. "ಸರಿಯಾಗೇ ತೋರಿಸ್ತಿದೆಯಲ್ರೀ. ಇಷ್ಟು ಜನರನ್ನ ವಾಪಸ್ ಕಳಿಸಿದ್ರೆ ಮತ್ತೆ ಬರ್ತಾರಾ? ಹಾಕ್ಬಿಡಿ."

ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಟ್ಟ ಹನಿಯ ಬಣ್ಣವೂ ಅದೇ. ಮಗುವಿಗೆ ಜ್ವರವಿಲ್ಲ, ವಾಂತಿಯಿಲ್ಲ; ಕಾಲಿಗೆ ಕಾವಲೂ ಇಲ್ಲ, ಅಷ್ಟೆ. ಸೀಸೆ ಕೈಯಲ್ಲಿ ಹಿಡಿದು ಬಾಗಿಲ ತನಕ ಹೋದೆ. ಕಲಾಯಿಯವನ ಹೆಂಡತಿ ಆಗಲೇ ಮಗುವಿನ ಟೋಪಿ ಬಿಚ್ಚುತ್ತಿದ್ದಳು.

"ಔಷಧಿ ಕೆಟ್ಟಿದೆ. ಇವತ್ತು ಹಾಕಲ್ಲ" ಅಂದುಬಿಟ್ಟೆ.

ಜಗಲಿ ಸಂತೆಯಾಯಿತು. ಕೂಲಿ ಬಿಟ್ಟು ಬಂದವರು ಬೈದರು, ಬೈಯಿಸಿಕೊಂಡೆ. ಕಲಾಯಿಯವನ ಹೆಂಡತಿ ಮಾತ್ರ ಮಗುವಿಗೆ ಟೋಪಿ ಮತ್ತೆ ಕಟ್ಟಿ ಎದ್ದು ಹೋದಳು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಐಸ್ ತುಂಬುವ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದೆ. ಹೊಸ ಹನಿ ತೆಗೆದುಕೊಂಡು, ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸದೆ ಸಂಜೆಗೆ ವಾಪಸು ಬಂದೆ. ಆಸ್ಪತ್ರೆಗೆ ಹೋಗಲಿಲ್ಲ, ನೇರ ಕಲಾಯಿಯವನ ಮನೆಗೇ ಹೋದೆ. ಅವನು ಅಂಗಳದಲ್ಲಿ ಒಲೆಯ ಮುಂದೆ ಕೂತು ಕೊಳಗ ತಿರುಗಿಸುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಕೊಳಗ ಕೆಳಗಿಟ್ಟ.

"ಹಂಗಾದ್ರೆ ನಮ್ ದೊಡ್ಡೋಳಿಗೆ ಹಾಕಿದ್ದೂ ಹಿಂಗೇ ಕೆಟ್ಟಿತ್ತೇನ್ರೀ?"

ಆ ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಇಲ್ಲ ಅನ್ನಬಹುದಿತ್ತು.

"ಗೊತ್ತಿಲ್ಲ. ಕೆಟ್ಟಿದ್ದಿರಬಹುದು" ಅಂದೆ.

ಅವನು ಒಲೆಯ ಕೆಂಡ ಕೆದಕಿದ. ಈಗ ಹೋಗಿ ಅನ್ನುತ್ತಾನೆ ಎಂದು ಪೆಟ್ಟಿಗೆಯ ಪಟ್ಟಿ ಬಿಗಿಹಿಡಿದು ನಿಂತಿದ್ದೆ. ಅವನು ಕೈಯ ಮಸಿಯನ್ನು ಲುಂಗಿಗೆ ಒರೆಸಿಕೊಂಡು, ಹೆಂಡತಿಯಿಂದ ಮಗುವನ್ನು ಎತ್ತಿಕೊಂಡ. ತಾನೇ ಅದರ ಕೆನ್ನೆ ಒತ್ತಿ ಬಾಯಿ ತೆರೆಸಿದ.

"ಇದನ್ನ ನೀವೇ ಕಾದು ತಂದೀರಲ್ಲ, ಹಾಕ್ರಿ."

ಮಗು ಮುಖ ಹೊರಳಿಸಿತು, ಒಂದು ಹನಿ ತುಟಿಯಂಚಿಗೆ ಬಿತ್ತು. ಹುಡುಗಿ ಕಾಲೆಳೆಯುತ್ತ ಬಂದು, ಬೆರಳಿನಿಂದ ಅದನ್ನು ತಮ್ಮನ ಬಾಯೊಳಗೆ ಸರಿಸಿದಳು.